ಬೀಜ-ಗೊಬ್ಬರದ ಸಣ್ಣ ಅಂಗಡಿಗಳು: ಪಶ್ಚಿಮ ಕೀನ್ಯಾದಲ್ಲಿ ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಸಿಯಾಯದಿಂದ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನಿರುವುದು ಪಶ್ಚಿಮ ಕೀನ್ಯಾದ ಸಿಯಾಯ ಕೌಂಟಿಯಲ್ಲಿ. ಇಲ್ಲಿನ ಒಂದು ರೈತರ ಸಹಕಾರ ಸಂಘದಲ್ಲಿ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಸಣ್ಣ ಅಂಗಡಿಗಳನ್ನು ಎಬ್ಬಿಸಿ ನಿಲ್ಲಿಸಬೇಕು ಅನ್ನೋದು ಯೋಜನೆ. ಒಂದೂವರೆ ವರ್ಷಕ್ಕೆ ಆಗುವಷ್ಟು ದುಡ್ಡಿದೆ. 30 ಅಂಗಡಿ ಗುರಿ.

ಇಂಥ ಅಂಗಡಿಗೆ ಇಲ್ಲಿ ಅಗ್ರೋವೆಟ್ ಅಂತಾರೆ. ದನದ ಔಷಧಿ, ಕೋಳಿ ಆಹಾರ, ಬೀಜ, ಗೊಬ್ಬರ ಎಲ್ಲ ಒಂದೇ ಕಡೆ. ಸಾದಾ ಅಂಗಡಿಗೆ ‘ದುಕಾ’. ಹೌದು, ನಮಗೆ ಗೊತ್ತಿರುವ ದುಕಾನೇ ಹಡಗು ಹತ್ತಿ ಬಂದಿದೆ.

ಮೇಲಿನವರು ಹೇಳುವುದು: ಮೊದಲು ತರಬೇತಿ ಕೊಡಿ, ಬೋರ್ಡು ಹಾಕಿಸಿ, ಗೋಡೆಗೆ ಹಸಿರು ಬಣ್ಣ ಹೊಡೆಸಿ. ನನಗ್ಯಾಕೋ ಅದು ಸರಿ ಕಾಣುತ್ತಿಲ್ಲ. ಕಳೆದ ವಾರ ಹೋದ ಅಂಗಡಿಯಲ್ಲಿ ಗೋಡೆ ತುಂಬ ಸರ್ಟಿಫಿಕೇಟು ನೇತಾಡುತ್ತಿತ್ತು, ಮೂರು ಬೇರೆ ಬೇರೆ ಯೋಜನೆಯವು. ಕಪಾಟು ಮಾತ್ರ ಖಾಲಿ. ನೀವಾಗಿದ್ದರೆ ಮೊದಲ ರೂಪಾಯಿ, ಅಂದರೆ ಮೊದಲ ಶಿಲಿಂಗ್, ಎಲ್ಲಿಗೆ ಹಾಕುತ್ತಿದ್ದಿರಿ?

ಗೋದಾಮಿನವನು

ಎಲ್ಡೊರೆಟ್ ಕಡೆ ಒಬ್ಬ ಸಗಟು ವ್ಯಾಪಾರಿಯ ಗೋದಾಮನ್ನು ಆರು ವರ್ಷ ನೋಡಿಕೊಂಡಿದ್ದೇನೆ. ನನ್ನ ಉತ್ತರ ಒಂದೇ: ಕ್ಯಾಲೆಂಡರ್.

ಗೊಬ್ಬರದ ವ್ಯಾಪಾರ ಅಂದರೆ ಜಾತ್ರೆ ವ್ಯಾಪಾರ ಇದ್ದ ಹಾಗೆ. ಮಾರ್ಚ್‌ನಲ್ಲಿ ದೊಡ್ಡ ಮಳೆ ಹಿಡಿಯಿತು ಅಂದರೆ ನಾಲ್ಕಾರು ವಾರ ಜನ ಮುಗಿಬೀಳುತ್ತಾರೆ. ಆಮೇಲೆ ನೊಣ ಹೊಡೆಯುತ್ತಾ ಕೂರಬೇಕು. ಒಂದು ಸಲ ಮೊಂಬಾಸಾ ಬಂದರಿನಿಂದ ಬರಬೇಕಾದ ಡಿಎಪಿ (ಬಿತ್ತುವಾಗ ಹಾಕುವ ಗೊಬ್ಬರ) ಲಾರಿ ಹನ್ನೊಂದು ದಿನ ತಡವಾಯಿತು. ಅಷ್ಟರಲ್ಲಿ ಮಳೆ ಬಿದ್ದು, ಜನ ಗೊಬ್ಬರ ಇಲ್ಲದೆ ಬರೀ ಬೀಜ ಊರಿ ಮುಗಿಸಿದ್ದರು. ನಮ್ಮಿಂದ ಸರಕು ಎತ್ತಿದ್ದ ಒಬ್ಬ ಹಳ್ಳಿ ಅಂಗಡಿಯವನ ಹತ್ತಿರ 60 ಚೀಲ ಹಾಗೇ ಉಳಿದವು. ಪಾಪ, ಅವನು ಅವನ್ನು ಸಿಮೆಂಟು ನೆಲದ ಮೇಲೇ ಪೇರಿಸಿಟ್ಟಿದ್ದ. ಕೆಳಗಿನ ಸಾಲು ತೇವ ಹಿಡಿದು ಕಲ್ಲಾಯಿತು.

ಮುಂದಿನ ಹಂಗಾಮಿಗೆ ನಾನು ಅಲ್ಲಿಗೆ ಹೋದಾಗ ಒಬ್ಬ ಹೆಂಗಸು ಬಂದಳು. ಚೀಲದ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಟಕ್ ಟಕ್ ಅಂತು. ಏನೂ ಹೇಳದೆ ಹೊರಟುಹೋದಳು. ಅವನ ಅಂಗಡಿ ಮುಚ್ಚಿದ್ದು ಆ ಎರಡು ತಟ್ಟಿನಿಂದಲೇ ಅಂತ ನನಗೆ ಈಗಲೂ ಅನಿಸುತ್ತದೆ. ಅವನಿಗೂ ತರಬೇತಿ ಆಗಿತ್ತು ಸ್ವಾಮಿ.

ಲೆಕ್ಕ_ಪಕ್ಕಾ

ಗೋದಾಮಿನವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಅಂಕಿಗಳನ್ನು ಸುಮ್ನೆ ಉದಾಹರಣೆಗೆ ಹಿಡಿದಿದ್ದೇನೆ, ನಿಮ್ಮ ಊರಿನ ಅಂಕಿ ಹಾಕಿ ನೋಡಿ.

ಒಂದು 50 ಕೆ.ಜಿ. ಚೀಲಕ್ಕೆ ಅಂಗಡಿಯವನು ಕೊಡುವುದು 6,000 ಶಿಲಿಂಗ್. ಅವನಿಗೆ ಚೀಲಕ್ಕೆ ಉಳಿಯುವುದು 150. ನೂರು ಚೀಲ ತರಿಸಿದರೆ 6 ಲಕ್ಷ ಹಾಕಬೇಕು, ಎಲ್ಲ ಮಾರಿದರೆ ಲಾಭ 15,000. ಆ 6 ಲಕ್ಷವನ್ನು ತಿಂಗಳಿಗೆ 2% ಬಡ್ಡಿಗೆ ತಂದಿದ್ದಾನೆ ಅನ್ನಿ. ಮೂರು ತಿಂಗಳು ಚೀಲ ಕೂತರೆ ಬಡ್ಡಿಯೇ 36,000. ಒಂದು ತಿಂಗಳಲ್ಲಿ ಖಾಲಿಯಾದರೆ 12,000, ಅಂದರೆ ಕೈಗೆ 3,000. ಎರಡು ವಾರದಲ್ಲಿ ಹೋದರೆ 6,000, ಕೈಗೆ 9,000.

ಹಾಗಾಗಿ ಅವನ ಲಾಭ ಇರುವುದು ಬೆಲೆಯಲ್ಲಿ ಅಲ್ಲ, ಸರಕು ಎಷ್ಟು ದಿನ ಕೂತಿತು ಅನ್ನುವುದರಲ್ಲಿ. ಬಹಳಷ್ಟು ಅಗ್ರೋವೆಟ್‌ಗಳು ಬದುಕಿರುವುದೇ ದನದ ಔಷಧಿ, ಕೋಳಿ ಆಹಾರದ ಮೇಲೆ. ಗೊಬ್ಬರ ಗಿರಾಕಿಯನ್ನು ಬಾಗಿಲಿಗೆ ತರುತ್ತದೆ ಅಷ್ಟೇ.

ನಿಮ್ಮ ದುಡ್ಡು ಹೋಗಬೇಕಾದ್ದು ಸಾಲದ ಖಾತರಿಗೆ. ಇದು ಹೊಸದೇನಲ್ಲ. ಜಿಂಬಾಬ್ವೆಯಲ್ಲಿ ಕೇರ್ ಅನ್ನುವ ನೆರವು ಸಂಸ್ಥೆ 1990ರ ದಶಕದಲ್ಲೇ ಮಾಡಿತ್ತು. ಆಮೇಲೆ ಸಿಎನ್‌ಎಫ್‌ಎ ಅನ್ನುವ ಅಮೆರಿಕದ ಸಂಸ್ಥೆ ಮಲಾವಿ, ಕೀನ್ಯಾ, ತಾಂಜಾನಿಯಾದಲ್ಲಿ ಮಾಡಿತು. ಸಗಟು ಕಂಪನಿ ಹಳ್ಳಿ ಅಂಗಡಿಗೆ ಉದ್ರಿ ಕೊಡುತ್ತದೆ. ಅಂಗಡಿಯವನು ಕೈ ಎತ್ತಿದರೆ ನಷ್ಟದ ಅರ್ಧ ಯೋಜನೆ ತುಂಬುತ್ತದೆ. ಪೂರ್ತಿ ತುಂಬಬೇಡಿ. ಪೂರ್ತಿ ತುಂಬಿದರೆ ಸಗಟಿನವರು ಯಾರಿಗೆ ಕೊಡ್ತಿದ್ದೀವಿ ಅಂತ ನೋಡುವುದನ್ನೇ ಬಿಡುತ್ತಾರೆ.

ಸುಮ್ನೆ_ಓದುಗ

ಒಂದು ದಡ್ಡ ಪ್ರಶ್ನೆ. ಅಂಗಡಿಯೇ ಯಾಕೆ ಬೇಕು? ಒನ್ ಏಕರ್ ಫಂಡ್ ಅನ್ನುವ ಸಂಸ್ಥೆಯವರು 2006ರಿಂದ ಅದೇ ಸೀಮೆಯಲ್ಲಿ, ಬುಂಗೋಮಾದಲ್ಲಿ ಶುರುಮಾಡಿ, ರೈತರ ಗುಂಪಿಗೆ ಬೀಜ-ಗೊಬ್ಬರ ಸಾಲಕ್ಕೆ ಕೊಟ್ಟು, ಹತ್ತಿರದ ಜಾಗಕ್ಕೇ ತಲುಪಿಸುತ್ತಿದ್ದಾರಲ್ಲ. ಸಾಲವನ್ನೂ ಆಗಾಗ ಸ್ವಲ್ಪ ಸ್ವಲ್ಪ ಕಟ್ಟಬಹುದು. ಅದನ್ನೇ ಮಾಡಿದರೆ ಆಯ್ತಲ್ವಾ?

ಗೋದಾಮಿನವನು

ದಡ್ಡ ಪ್ರಶ್ನೆ ಏನಲ್ಲ. ಅವರದು ಒಳ್ಳೆ ಕೆಲಸ. ಆದರೆ ಮೆಕ್ಕೆಜೋಳಕ್ಕೆ ಹುಳ ಬಿದ್ದಾಗ ಬೇಕಾಗುವುದು ಇವತ್ತು, ಈಗ. ಬೆಳೆ ಎದ್ದ ಮೇಲೆ ಹಾಕುವ ಮೇಲುಗೊಬ್ಬರ ಅರ್ಧ ಚೀಲ ಕಡಿಮೆ ಬಿತ್ತು ಅಂದರೆ ನಾಳೆ ಬೆಳಿಗ್ಗೆ ಬೇಕು. ಅದಕ್ಕೆ ಬಾಗಿಲು ತೆಗೆದಿರುವ ಅಂಗಡಿಯೇ ಆಗಬೇಕು. 1990ರ ದಶಕದ ಶುರುವಿನಲ್ಲಿ ಕೀನ್ಯಾ ಸರ್ಕಾರ ಗೊಬ್ಬರದ ಬೆಲೆ ಕಟ್ಟುಪಾಡು, ಆಮದು ಲೈಸೆನ್ಸು ತೆಗೆದ ಮೇಲೆ ಅಂಗಡಿಗಳು ತಾವಾಗೇ ಹುಟ್ಟಿಕೊಂಡವು. 1997ರಲ್ಲಿ ರೈತ ಗೊಬ್ಬರಕ್ಕೆ ಸರಾಸರಿ 8 ಕಿ.ಮೀ. ಆಸುಪಾಸು ಹೋಗಬೇಕಿತ್ತು. ಹತ್ತು ವರ್ಷದಲ್ಲಿ ಅದು 4 ಕಿ.ಮೀ.ಗಿಂತ ಕೆಳಗಿಳಿಯಿತು. ಯೋಜನೆಗಳು ಮುಗಿಯುತ್ತವೆ, ದುಕಾ ಉಳಿಯುತ್ತದೆ.

ಸಿಯಾಯದಿಂದ

ನಿನ್ನೆ ನೋಡಿದ್ದನ್ನು ಹೇಳಲೇಬೇಕು. ಸಂತೆ ಮಗ್ಗುಲಿನ ಅಂಗಡಿ. ಒಂದು ಡಿಎಪಿ ಚೀಲ ಬಾಯಿ ಬಿಚ್ಚಿ ನಿಲ್ಲಿಸಿದ್ದರು. ಪಕ್ಕದಲ್ಲಿ ಗೊರೊಗೊರೊ, ಅಂದರೆ ಎರಡು ಕೆ.ಜಿ. ಹಿಡಿಸುವ ಹಳೆ ತಗಡಿನ ಡಬ್ಬಿ. ಜೋಳ ಅಳೆಯುವುದೂ ಅದರಲ್ಲೇ, ಗೊಬ್ಬರ ಅಳೆಯುವುದೂ ಅದರಲ್ಲೇ. ಡಬ್ಬಿಯ ತಳ ಒಳಕ್ಕೆ ನೆಗ್ಗಿತ್ತು, ತಾನಾಗೇ ನೆಗ್ಗಿದ್ದೋ ನೆಗ್ಗಿಸಿದ್ದೋ ದೇವರಿಗೇ ಗೊತ್ತು. ಅಂಗಡಿಯಾಕೆ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಹದಿನೈದು ನಿಮಿಷದಲ್ಲಿ ಒಂಬತ್ತು ಗಿರಾಕಿ. ಒಬ್ಬರೂ ಪೂರ್ತಿ ಚೀಲ ಕೇಳಲಿಲ್ಲ.

ಚೀಲ ಬಿಚ್ಚಿ ಮಾರಬಾರದು ಅಂತ ನಮ್ಮ ತರಬೇತಿ ಪುಸ್ತಕದಲ್ಲಿದೆ. ಆದರೆ ಅರ್ಧ ಎಕರೆಯವಳು 50 ಕೆ.ಜಿ. ತಗೊಂಡು ಏನು ಮಾಡಬೇಕು?

ಮಣ್ಣಿನ_ಮೇಡಂ

ಇಲ್ಲಿ ಎರಡು ವಿಷಯ ಬೆರೆತುಹೋಗಿವೆ. ಸಣ್ಣ ಪ್ರಮಾಣದಲ್ಲಿ ಮಾರುವುದು ತಪ್ಪಲ್ಲ. ಬಿಚ್ಚಿಟ್ಟು ಮಾರುವುದು ತಪ್ಪು. ಬಾಯಿ ತೆರೆದ ಚೀಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೊತೆಗೆ ಒಳಗೇನಿದೆ ಅಂತ ಹೇಳುವ ಚೀಟಿ ಚೀಲದ ಮೇಲೇ ಉಳಿದು, ಪೊಟ್ಟಣ ಅನಾಥವಾಗಿ ಮನೆಗೆ ಹೋಗುತ್ತದೆ.

ನಿಮ್ಮ ಸಿಯಾಯದಲ್ಲೇ 1990ರ ದಶಕದಲ್ಲಿ ಎಸ್‌ಸಿಒಡಿಪಿ ಅನ್ನುವ ಸ್ಥಳೀಯ ಸಂಸ್ಥೆ ಗೊಬ್ಬರವನ್ನು ಪುಟ್ಟ ಪ್ಯಾಕೆಟ್ಟುಗಳಲ್ಲಿ ಮಾರಿ ತೋರಿಸಿತ್ತು. ಕೆ.ಜಿ.ಗಿಂತ ಸಣ್ಣವೂ ಇದ್ದವು. ಮೊದಲ ಸಲ ತಂದವರು ನಾಲ್ಕು ಸಾಲಿಗೆ ಹಾಕಿ ನೋಡುತ್ತಾರೆ, ಹಸಿರು ಕಂಡರೆ ಮುಂದಿನ ಸಲ ಜಾಸ್ತಿ ಒಯ್ಯುತ್ತಾರೆ. ಬೀಜದ ಕಂಪನಿಗಳಿಗೆ ಇದು ಎಂದೋ ಅರ್ಥವಾಗಿದೆ. ಎಕರೆಗೆ 10 ಕೆ.ಜಿ. ಮೆಕ್ಕೆಜೋಳ ಬೇಕಾದರೂ 2 ಕೆ.ಜಿ. ಪ್ಯಾಕೆಟ್ಟೇ ಜಾಸ್ತಿ ಓಡುವುದು.

ಆದ್ದರಿಂದ ಡಬ್ಬಿ ಕಿತ್ತುಕೊಳ್ಳುವ ಬದಲು, ಸಂಘವೇ ಸಗಟಿನವರ ಜೊತೆ ಕೂತು 5 ಮತ್ತು 10 ಕೆ.ಜಿ.ಯ ಹೊಲಿದ ಚೀಲ ತರಿಸಲಿ. ಕೆ.ಜಿ. ಲೆಕ್ಕದಲ್ಲಿ ಸ್ವಲ್ಪ ದುಬಾರಿಯಾಗುತ್ತದೆ. ಆ ನೆಗ್ಗಿದ ಡಬ್ಬಿಗಿಂತ ದುಬಾರಿ ಆಗಲಿಕ್ಕಿಲ್ಲ.

ಸುಮ್ನೆ_ಓದುಗ

ಅದು ಬಿಡಿ, ನಕಲಿ ಮಾಲಿನ ಕಥೆ ಏನು? ಉಗಾಂಡದಲ್ಲಿ ಗೊಬ್ಬರದಲ್ಲಿ ಸಾರವೇ ಇಲ್ಲ ಅಂತ ಎಲ್ಲೋ ಓದಿದ್ದೆ.

ಮಣ್ಣಿನ_ಮೇಡಂ

ನೀವು ಹೇಳುತ್ತಿರುವುದು 2017ರಲ್ಲಿ ಪ್ರಕಟವಾದ ಅಧ್ಯಯನ. ಉಗಾಂಡದ ಪೇಟೆಗಳಲ್ಲಿ ಗಿರಾಕಿಗಳ ಹಾಗೆ ಹೋಗಿ ಮಾಲು ಕೊಂಡು ಪರೀಕ್ಷೆ ಮಾಡಿಸಿದರು. ಯೂರಿಯಾದಲ್ಲಿ ಸರಾಸರಿ 30% ಸಾರಜನಕ ಕಡಿಮೆ ಇತ್ತು. ಹೈಬ್ರಿಡ್ ಮೆಕ್ಕೆಜೋಳ ಅಂತ ಮಾರಿದ್ದರಲ್ಲಿ ಅಸಲಿ ಬೀಜ ಅರ್ಧಕ್ಕಿಂತ ಕಡಿಮೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ತಾಂಜಾನಿಯಾದ ಮೊರೊಗೊರೊ ಕಡೆ ಬೇರೆ ತಂಡ ಗೊಬ್ಬರ ಪರೀಕ್ಷೆ ಮಾಡಿತು. ಅಲ್ಲಿ ಸಾರ ಬಹುಪಾಲು ಸರಿಯಾಗೇ ಇತ್ತು. ಆದರೂ ರೈತರು ಅದು ಕಲಬೆರಕೆ ಅಂತಲೇ ನಂಬಿದ್ದರು. ಯಾಕೆ ಅಂದರೆ ಗೊಬ್ಬರ ಗಂಟು ಕಟ್ಟಿತ್ತು, ಬಣ್ಣ ಮಾಸಿತ್ತು. ಗೋದಾಮಿನವರು ಹೇಳಿದ ಆ ಹೆಂಗಸು ತಟ್ಟಿ ನೋಡಿ ಹೋದಳಲ್ಲ, ಅದೇ. ಅವಳಿಗೆ ಕಾಣುವುದು ಹೊರಗಿನ ರೂಪ ಮಾತ್ರ. ಒಳಗಿನ ಸಾರವನ್ನು ಕಣ್ಣಲ್ಲಿ ನೋಡಲು ಯಾರಿಗೂ ಆಗದು, ನನಗೂ ಆಗದು.

ಇದು ಒಂದು ದೇಶದ ಮಾತು ಹಿಡಿದು ಇನ್ನೊಂದನ್ನು ಸುಳ್ಳು ಅನ್ನುವಂಥದ್ದಲ್ಲ. ನಿಮ್ಮ 30 ಅಂಗಡಿಗಳಿಂದ ಒಂದೊಂದು ಹಿಡಿ ತೆಗೆದು ಲ್ಯಾಬಿಗೆ ಕಳಿಸಿ. ಫಲಿತಾಂಶವನ್ನು ಅಂಗಡಿ ಬಾಗಿಲಿಗೇ ಅಂಟಿಸಿ. ಬೀಜಕ್ಕೆ ಕೀನ್ಯಾದಲ್ಲಿ ಕೆಫಿಸ್ ಅನ್ನುವ, ಬೀಜ ಪರೀಕ್ಷಿಸುವ ಸರ್ಕಾರಿ ಸಂಸ್ಥೆಯ ಸ್ಟಿಕ್ಕರ್ ಇದೆ, ಕೆರೆದು ಬರುವ ನಂಬರನ್ನು ಮೊಬೈಲಿನಿಂದ ಕಳಿಸಿದರೆ ಬೀಜದ ವಿವರ ಬರುತ್ತದೆ. ಅಂಗಡಿಯವರೇ ಗಿರಾಕಿಯ ಎದುರು ಕೆರೆದು ತೋರಿಸಲಿ.

ಎರಡನೇ_ಮಳೆ

ಸುಲಭದ ಉಪಾಯ ನಾನು ಹೇಳ್ತೀನಿ. ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು ಗೊಬ್ಬರ ಹಾಕಿ ಕಲಕಿ. ಪೂರ್ತಿ ಕರಗಿ ಲೋಟ ತಣ್ಣಗಾದರೆ ಅಸಲಿ. ತಳದಲ್ಲಿ ಬಿಳಿ ಗಷ್ಟು ಉಳಿದರೆ ನಕಲಿ.

ಮಣ್ಣಿನ_ಮೇಡಂ

ಅಯ್ಯೋ, ದಯವಿಟ್ಟು ಬೇಡ! ಅದು ಯೂರಿಯಾಕ್ಕೆ ಸರಿ. ಕೀನ್ಯಾದಲ್ಲಿ ಮೇಲುಗೊಬ್ಬರ ಅಂದರೆ ಜಾಸ್ತಿ ಸಿಎಎನ್. ಅದರಲ್ಲಿ ಅಮೋನಿಯಂ ನೈಟ್ರೇಟ್ ಜೊತೆ ಸುಣ್ಣದ ಕಲ್ಲಿನ ಪುಡಿ ಸೇರಿಸಿಯೇ ತಯಾರಿಸಿರುತ್ತಾರೆ. ಅಸಲಿ ಸಿಎಎನ್ ಹಾಕಿದರೂ ತಳದಲ್ಲಿ ಬಿಳಿ ಉಳಿದೇ ಉಳಿಯುತ್ತದೆ. ನಿಮ್ಮ ಲೋಟ ಒಳ್ಳೆ ಅಂಗಡಿಯವನನ್ನು ಕಳ್ಳ ಮಾಡಿಬಿಡುತ್ತದೆ.

ಬೀಜಕ್ಕಾದರೆ ಒಂದು ಮನೆ ಪರೀಕ್ಷೆ ಇದೆ. ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ವಾರದ ಮೇಲೆ ಮೊಳಕೆ ಎಣಿಸಿ. ಅದೂ ಹುಟ್ಟುತ್ತದೋ ಇಲ್ಲವೋ ಅಂತಷ್ಟೇ ಹೇಳುತ್ತದೆ. ಹೈಬ್ರಿಡ್ ಹೌದೋ ಅಲ್ಲವೋ ಅಂತ ಹೇಳುವುದಿಲ್ಲ.

ಎರಡನೇ_ಮಳೆ

ಸರಿ ಮೇಡಂ, ತಪ್ಪಾಯ್ತು, ಲೋಟ ಒಳಗಿಟ್ಟೆ 😄

ನಾನಿರುವುದು ಮಲಾವಿಯಲ್ಲಿ, ಹಾಗಾಗಿ ನನಗೆ ನಿಜವಾಗಿ ಗೊತ್ತಿರುವುದು ಹೇಳುತ್ತೇನೆ. ಸಬ್ಸಿಡಿ. 2005ರ ಬರದ ಮೇಲೆ ಇಲ್ಲಿ ಕೂಪನ್ ಯೋಜನೆ ದೊಡ್ಡದಾಗಿ ಶುರುವಾಯಿತು. ಕೂಪನ್ ಇದ್ದವರಿಗೆ 50 ಕೆ.ಜಿ.ಯ ಎರಡು ಚೀಲ, ಒಂದು ಬಿತ್ತುವಾಗ, ಒಂದು ಮೇಲುಗೊಬ್ಬರಕ್ಕೆ. ಎರಡನೇ ವರ್ಷ ಖಾಸಗಿ ಅಂಗಡಿಗಳಿಗೂ ಕೂಪನ್ ಗೊಬ್ಬರ ಮಾರಲು ಬಿಟ್ಟರು. ಆಮೇಲೆ ಗೊಬ್ಬರದಿಂದ ಅವರನ್ನು ಹೊರಗಿಟ್ಟು ಸರ್ಕಾರದ ಡಿಪೋಗಳಿಗೇ ಕೊಟ್ಟರು. ಬೀಜ ಮಾತ್ರ ಅಂಗಡಿಗಳ ಕೈಯಲ್ಲಿ ಉಳಿಯಿತು. ಸರ್ಕಾರ ಬಿಡುತ್ತದೆ ಅಂತ ನಂಬಿ ಗೊಬ್ಬರಕ್ಕೆ ಗೋದಾಮು ಕಟ್ಟಿಸಿದವರು ಏನಾಗಿರಬೇಕು?

ನಾನು ಸಬ್ಸಿಡಿ ಬೇಡ ಅನ್ನುವವನಲ್ಲ. ಹೊಟ್ಟೆಗಿಲ್ಲದವರಿಗೆ ಆ ಎರಡು ಚೀಲ ದೊಡ್ಡದು. ಆದರೆ ಈ ವರ್ಷ ಯಾವ ಬಾಗಿಲಿನಿಂದ ಬರುತ್ತದೆ, ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಅಂಗಡಿಯವನು ಸರಕು ತರಿಸುವುದೇ ಇಲ್ಲ.

ಲೆಕ್ಕ_ಪಕ್ಕಾ

ಕೀನ್ಯಾದಲ್ಲೂ ಅದೇ ಪಾಡು. 2022ರಲ್ಲಿ ಪೇಟೆಯಲ್ಲಿ ಚೀಲ 6,000 ಶಿಲಿಂಗ್ ದಾಟಿದ್ದಾಗ ಸರ್ಕಾರ 3,500ಕ್ಕೆ ಕೊಟ್ಟಿತು. 2023ರಲ್ಲಿ 2,500ಕ್ಕೆ ಇಳಿಸಿತು. ರೈತರಿಗೆ ಒಳ್ಳೆಯದೇ. ಆದರೆ 6,000ಕ್ಕೆ ಕೊಂಡು ಪೇರಿಸಿಟ್ಟಿದ್ದ ದುಕಾದವನ ಮುಖ ನೆನೆಸಿಕೊಳ್ಳಿ. ಮೇಲೆ 2024ರಲ್ಲಿ ಸಬ್ಸಿಡಿ ಚೀಲಗಳಲ್ಲೇ ನಕಲಿ ಸಿಕ್ಕಿ ದೊಡ್ಡ ರಂಪ ಆಯಿತು.

ಸಿಯಾಯದವರೇ, ನಿಮ್ಮ ಉದ್ರಿ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಹಂಗಾಮಿನ ನಡುವೆ ಸರ್ಕಾರಿ ಬೆಲೆ ಇಳಿದರೆ, ಬಿಚ್ಚದ ಚೀಲವನ್ನು ಸಗಟಿನವರು ವಾಪಸು ತಗೋಬೇಕು. ಒಪ್ಪದಿದ್ದರೆ ಸರಕು ಎತ್ತಬೇಡಿ.

ಗೋದಾಮಿನವನು

ವಾಪಸು ತಗೋಳ್ಳೋದು ಸಗಟಿನವನಿಗೆ ವಿಷ ಕುಡಿದ ಹಾಗೆ ಸರ್. ನಮ್ಮ ಯಜಮಾನರು ಸುತರಾಂ ಒಪ್ಪುತ್ತಿರಲಿಲ್ಲ. ಅದಕ್ಕಿಂತ ಸರಕನ್ನೇ ಕಡಿಮೆ ಇಡಿ. ಐದಾರು ಹಳ್ಳಿ ಅಂಗಡಿಗೆ ಒಂದು ದೊಡ್ಡ ಅಂಗಡಿ. ದಾಸ್ತಾನು ಅಲ್ಲಿ. ಹಳ್ಳಿಯವನು ಹತ್ತು ಚೀಲ ಮಾತ್ರ ಇಟ್ಟುಕೊಂಡು, ಐದು ಹೋದ ಕೂಡಲೇ ಫೋನ್ ಮಾಡಲಿ. ಒಂದು ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕು, ಎರಡು ಚೀಲ ಆರಾಮಾಗಿ ಹೊರುತ್ತದೆ. ಬೈಕಿನವನಿಗೆ ಕೊಟ್ಟ ಬಾಡಿಗೆ ಬಡ್ಡಿಗಿಂತ ಕಡಿಮೆಯೇ ಬೀಳುತ್ತದೆ, ಲೆಕ್ಕದವರು ಬೇಕಾದರೆ ಕೂಡಿಸಿ ನೋಡಲಿ.

ಲೆಕ್ಕ_ಪಕ್ಕಾ

ಕೂಡಿಸಿದೆ. ನನ್ನ ಅದೇ ಲೆಕ್ಕದಲ್ಲಿ ಒಂದು ಚೀಲ ಮೂರು ತಿಂಗಳು ಕೂತರೆ ಬಡ್ಡಿ 360. ಬೈಕು ಚೀಲಕ್ಕೆ ಅದಕ್ಕಿಂತ ಕಡಿಮೆಗೆ ಬಂದರೆ ನೀವು ಗೆದ್ದಿರಿ. ದೂರ ನೋಡಿಕೊಳ್ಳಿ ಅಷ್ಟೇ.

ಮಣ್ಣಿನ_ಮೇಡಂ

ತರಬೇತಿಯನ್ನು ಎಲ್ಲರೂ ಸೇರಿ ಹೂತುಬಿಟ್ಟಿರಿ, ಸ್ವಲ್ಪ ಹೊರಗೆ ತೆಗೆಯುತ್ತೇನೆ. ಕೀನ್ಯಾದಲ್ಲಿ ಎಚ್614 ಅನ್ನುವ ಮೆಕ್ಕೆಜೋಳಕ್ಕೆ ದೊಡ್ಡ ಹೆಸರು. ಅದು ಎತ್ತರದ, ತಂಪು ಸೀಮೆಯ ತಳಿ, ಆರು ತಿಂಗಳಿಗೂ ಮೇಲೆ ಬೇಕು. ಹೆಸರು ಕೇಳಿ ಕೆಳಗಿನ ಒಣಸೀಮೆಯವರೂ ಅದನ್ನೇ ಕೇಳುತ್ತಾರೆ. ಅಲ್ಲಿಗೆ ಬೇಗ ಬರುವ ಕಟುಮಾನಿಯಂಥ ತಳಿ ಬೇಕು. ಕೌಂಟರಿನ ಹಿಂದೆ ಇರುವವನು ‘ನಿಮ್ಮ ಹೊಲ ಎಲ್ಲಿ?’ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಒಂದು ಮನೆಯ ವರ್ಷದ ಊಟ ಉಳಿಯುತ್ತದೆ.

ಪಶ್ಚಿಮ ಕೀನ್ಯಾದ ಮಣ್ಣು ಬಹಳ ಕಡೆ ಹುಳಿ. ವರ್ಷಾನುಗಟ್ಟಲೆ ಡಿಎಪಿ ಒಂದನ್ನೇ ಸುರಿದರೆ ಇನ್ನೂ ಹುಳಿಯಾಗುತ್ತದೆ. ಕೃಷಿ ಸುಣ್ಣ ಬೇಕು. ಸುಣ್ಣ ಭಾರ ಜಾಸ್ತಿ, ಲಾಭ ಕಡಿಮೆ, ಯಾರೂ ಇಡುವುದಿಲ್ಲ. ನಿಮ್ಮ ಯೋಜನೆಯ ದುಡ್ಡಲ್ಲಿ ಸಬ್ಸಿಡಿ ಅಂತ ಏನಾದರೂ ಕೊಡುವುದಿದ್ದರೆ ಸುಣ್ಣದ ಲಾರಿ ಬಾಡಿಗೆಗೆ ಕೊಡಿ.

ಇನ್ನು ಔಷಧಿ. ಆಫ್ರಿಕಾಕ್ಕೆ 2016ರಲ್ಲಿ ಬಂದ, ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಮರುವರ್ಷ ಕೀನ್ಯಾಕ್ಕೂ ಕಾಲಿಟ್ಟ ಮೇಲೆ ಸಣ್ಣ ಅಂಗಡಿಗಳಲ್ಲೂ ಕೀಟನಾಶಕದ ವ್ಯಾಪಾರ ಏರಿದೆ. ಸೋಡಾ ಬಾಟಲಿಗೆ ಸುರಿದು ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಮಕ್ಕಳಿರುತ್ತಾರೆ ಕಣ್ರೀ. ಗೊಬ್ಬರವನ್ನು ಡಬ್ಬಿಯಲ್ಲಿ ಅಳೆದರೆ ಬೈಯುತ್ತೇನೆ, ಔಷಧಿಯನ್ನು ಬಾಟಲಿಗೆ ಬಗ್ಗಿಸಿದರೆ ಆ ಅಂಗಡಿಯನ್ನು ಪಟ್ಟಿಯಿಂದಲೇ ಕಿತ್ತುಹಾಕಿ. ಕೀಟನಾಶಕ ಮಂಡಳಿಯ ಲೈಸೆನ್ಸು ಇಲ್ಲದವರಿಗೆ ಔಷಧಿ ಕಪಾಟೇ ಬೇಡ.

ಸಿಯಾಯದಿಂದ

ಎರಡು ದಿನ ಕೂತು ಎಲ್ಲ ಓದಿದೆ. 30 ಅಂಗಡಿ ಕೈಬಿಟ್ಟೆ. 12 ಹಳ್ಳಿ ಅಂಗಡಿ, ಎರಡು ದೊಡ್ಡವು. ಹಸಿರು ಬಣ್ಣದ ದುಡ್ಡು ಖಾತರಿಗೆ ಹೋಗುತ್ತದೆ, ಅರ್ಧ ನಷ್ಟದ ಲೆಕ್ಕದಲ್ಲೇ. ಮೇಲಿನವರು ಮುಖ ಸಿಂಡರಿಸಿದರು. ಫೋಟೋದಲ್ಲಿ ಖಾತರಿ ಕಾಣುವುದಿಲ್ಲವಲ್ಲ!

ಇನ್ನೊಂದು ತಲೆಯಲ್ಲಿದೆ. ದೊಡ್ಡ ಮಳೆಯ ಬೆಳೆ ಆಗಸ್ಟ್ ಹೊತ್ತಿಗೆ ಕೊಯ್ಲಾಗುತ್ತದೆ, ಆಗ ಕೈಯಲ್ಲಿ ದುಡ್ಡಿರುತ್ತದೆ. ಜನವರಿಯಲ್ಲಿ ಶಾಲೆ ಫೀಸಿಗೆ ಎಲ್ಲ ಹೋಗುತ್ತದೆ. ಮಾರ್ಚ್‌ಗೆ ಗೊಬ್ಬರ ಕೊಳ್ಳಲು ಏನೂ ಉಳಿದಿರುವುದಿಲ್ಲ. ಡುಫ್ಲೋ, ಕ್ರೇಮರ್, ರಾಬಿನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಇದೇ ಪಶ್ಚಿಮ ಕೀನ್ಯಾದಲ್ಲಿ ಪ್ರಯೋಗ ಮಾಡಿದ್ದರು. ಕೊಯ್ಲಾದ ಕೂಡಲೇ ಮನೆಗೆ ಹೋಗಿ, ಈಗಲೇ ದುಡ್ಡು ಕಟ್ಟಿದರೆ ಗೊಬ್ಬರ ಬಿಟ್ಟಿಯಾಗಿ ತಲುಪಿಸುತ್ತೇವೆ ಅಂದರು. ಬೆಲೆ ಇಳಿಸಲಿಲ್ಲ. ಅಷ್ಟಕ್ಕೇ ಗೊಬ್ಬರ ಹಾಕುವವರು ಜಾಸ್ತಿಯಾದರು. ಮಾಲಿ ದೇಶದಲ್ಲಿ ಮೈಆಗ್ರೋ ಅನ್ನುವ ಸಂಸ್ಥೆಯವರು ಶುರು ಮಾಡಿದ್ದೇ ರೈತರಿಂದ ಸ್ಕ್ರಾಚ್ ಕಾರ್ಡಿನಲ್ಲಿ ಸ್ವಲ್ಪ ಸ್ವಲ್ಪವೇ ಮುಂಗಡ ಕಟ್ಟಿಸಿಕೊಂಡು. ನಾವೂ ಕೊಯ್ಲಿನ ಹೊತ್ತಿಗೆ ಎಂ-ಪೆಸಾದಲ್ಲಿ (ಇಲ್ಲಿ ಮೊಬೈಲಿನಿಂದ ದುಡ್ಡು ಕಳಿಸುವ ವ್ಯವಸ್ಥೆ) ಮುಂಗಡ ತಗೊಂಡರೆ? ರೈತರ ದುಡ್ಡೂ ಉಳಿಯಿತು, ಅಂಗಡಿಗೆ ಬಡ್ಡಿಯಿಲ್ಲದ ಬಂಡವಾಳವೂ ಆಯಿತು.

ಲೆಕ್ಕ_ಪಕ್ಕಾ

ಒಳ್ಳೆ ಯೋಚನೆ, ಆದರೆ ಆ ದುಡ್ಡು ಅಂಗಡಿಯವನ ಫೋನಿಗೆ ಬರಕೂಡದು. ಅವನಿಗೂ ಜನವರಿಯಲ್ಲಿ ಮಕ್ಕಳ ಫೀಸು ಇರುತ್ತದೆ. ಸಂಘದ ಖಾತೆಗೆ ಬರಲಿ, ಅಲ್ಲಿಂದ ನೇರ ಸಗಟಿನವರಿಗೆ ಹೋಗಲಿ. ರೈತನಿಗೆ ಕೈಯಲ್ಲಿ ರಸೀದಿ, ಅಂಗಡಿಯವನಿಗೆ ಚೀಲಕ್ಕೆ ಇಷ್ಟು ಅಂತ ಕಮಿಷನ್.

ಎರಡನೇ_ಮಳೆ

ಮಾರ್ಚ್‌ನಲ್ಲಿ ಬೆಲೆ ಏರಿದರೆ? ಇಳಿದರೆ? ಅದನ್ನು ರಸೀದಿಯಲ್ಲೇ ಬರೆಯಿರಿ. ಇಲ್ಲದಿದ್ದರೆ ಮೊದಲ ವರ್ಷವೇ ಸಂಘದ ಬಾಗಿಲಿಗೆ ಜಗಳ ಬರುತ್ತದೆ.

ಸಿಯಾಯದಿಂದ

ಇಳಿದರೆ ವ್ಯತ್ಯಾಸ ಬೀಜದ ಪ್ಯಾಕೆಟ್ಟಾಗಿ ವಾಪಸು, ಏರಿದರೆ ಹೆಚ್ಚಿನದನ್ನು ಸಂಘವೇ ಹೊರುತ್ತದೆ ಅಂತ ಹಾಕಿದ್ದೇನೆ. ಎಷ್ಟು ಏರಿದರೆ ಸಂಘ ತಡೆಯುತ್ತದೆ ಅನ್ನುವುದಕ್ಕೆ ಮಂಗಳವಾರ ಸಗಟಿನವರ ಜೊತೆ ಮಾತು. ಅವರು ಬೆಲೆ ಹಿಡಿದಿಡಲು ಒಪ್ಪದಿದ್ದರೆ ಮುಂಗಡದ ಮಾತು ಈ ವರ್ಷ ಇಲ್ಲ.

ಗೋದಾಮಿನವರಿಗೆ ಒಂದು ಪ್ರಶ್ನೆ. ನಮ್ಮ ಪಟ್ಟಿಯಲ್ಲಿರುವ ಒಂದು ಅಂಗಡಿಯಲ್ಲಿ ಕಲ್ಲಾದ ಎಂಟು ಚೀಲ ಸಿಎಎನ್ ಇದೆ. ಎಸೆಯಬೇಕೋ?

ಗೋದಾಮಿನವನು

ಎಸೆಯಬೇಡಿ, ಚೀಲ ಹರಿಯದೆ ಬರೀ ಗಂಟು ಕಟ್ಟಿದ್ದರೆ ಸಾರ ಎಲ್ಲೂ ಹೋಗಿರುವುದಿಲ್ಲ. ಚೀಲ ಮಲಗಿಸಿ ಮರದ ಕೊಡತಿಯಿಂದ ಹೊರಗಿನಿಂದಲೇ ಬಡಿಯಿರಿ, ಪುಡಿಯಾಗುತ್ತದೆ. ಅಂಗಡಿ ಹಿಂದೆ ಅಲ್ಲ, ಮುಂದೆ, ಜನ ನೋಡುವ ಹಾಗೆ. ಯಾಕೆ ಗಟ್ಟಿಯಾಯಿತು ಅಂತ ಅವನೇ ಹೇಳಲಿ, ಬೆಲೆ ಸ್ವಲ್ಪ ಇಳಿಸಲಿ. ಮಂಗಳವಾರಕ್ಕೆ ಮುಂಚೆ 12 ಅಂಗಡಿಯ ನೆಲದ ಅಳತೆ ತಗೊಂಡು ಬನ್ನಿ, ಚೀಲದ ಅಡಿಗೆ ಹಾಕಲು ಎಷ್ಟು ಮರದ ಹಲಗೆ ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.